ಹರವಿಯ ತಳದ ನೀರು

ಮುಂಜಾನೆ ಎದ್ದವನೇ ಅಡಿವೆಯ್ಯ ಮಣ್ಣಿನ ದೊಡ್ಡ ಹರವಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಒಳಗೆ ಕೈ ಇಳಿಬಿಟ್ಟ. ಮೊಳಕೈ ದಾಟಿ ಇಳಿದರೂ ಬೆರಳಿಗೆ ಏನೂ ತಾಗಲಿಲ್ಲ. ಇನ್ನಷ್ಟು ಬಾಗಿ, ಹರವಿಯ ಅಂಚು ಕಂಕುಳಿಗೆ ಒತ್ತಿದಾಗ ತಳದಲ್ಲಿ ತಣ್ಣಗೆ ನೀರು ಸಿಕ್ಕಿತು. ಒಂದು ಕೊಡದಷ್ಟು ಇದ್ದೀತು, ಹೆಚ್ಚಿಲ್ಲ. ಹೋದ ವರ್ಷ ಸ್ವಾತಿ ಮಳೆಗೆ ಕ್ವಾರ್ಟರ್ಸಿನ ಹಂಚಿನಿಂದ ಇಳಿದ ನೀರು ಅದು. ಹಿಡಿದಿಟ್ಟ ಹರವಿಗಳೆಲ್ಲ ಒಂದರ ಹಿಂದೊಂದು ಬರಿದಾಗಿ ಇದೊಂದೇ ಉಳಿದಿತ್ತು. ರೋಹಿಣಿ ಮಳೆ ಬರುವ ಹೊತ್ತು ದಾಟಿದರೂ ದಾಂಡೇಲಿಯ ಮುಗಿಲಲ್ಲಿ ಅಂಗೈಯಗಲ ಮೋಡವಿರಲಿಲ್ಲ. ಜಗಲಿಯ ತೊಲೆಗೆ ತೂಗುಹಾಕಿದ ಒಡಕು ಕುಂಡದಲ್ಲಿ, ಇದ್ದಲಿ ಮತ್ತು ಇಟ್ಟಂಗಿ ಚೂರುಗಳ ನಡುವೆ ಬೇರು ಹರಡಿಕೊಂಡು ಸೀತೆದಂಡೆ ಹೂವಿನ ಗಿಡ ಕೂತಿತ್ತು. ಅದರ ಎಲೆಸಂದಿನಿಂದ ಈಗಷ್ಟೇ ಮೊಗ್ಗಿನ ದಂಡೆ ಇಳಿಯತೊಡಗಿತ್ತು. ಹೋದ ವರ್ಷವೂ ಹೀಗೇ ಇಳಿದಿತ್ತು. ಆಗ ಹರವಿ ಬರಿದಾಗಿತ್ತು. ಒಂದೆರಡು ದಿನಕ್ಕೆ ಏನಾದೀತು ಎಂದು ನಳದ ನೀರು ಹಾಕಿದ್ದ. ದಂಡೆ ತುದಿಯಿಂದ ಕಪ್ಪಾಗುತ್ತ ಬಂದು ಉದುರಿಹೋಯಿತು. ಉದುರಿದ್ದನ್ನು ಕೈಯಲ್ಲಿ ಹಿಡಿದು ಹೆಂಡತಿಗೆ ಕಾಣದ ಹಾಗೆ ಅತ್ತಿದ್ದ. ನಲವತ್ತು ದಾಟಿದ ಗಂಡಸು ಗಿಡಕ್ಕೆ ಅಳುವುದೇ ಎಂದು ಆಮೇಲೆ ತನ್ನ ಮೇಲೇ ಸಿಟ್ಟು ಬಂದಿತ್ತು. ಈ ಸಲ ಬಿಟ್ಟುಕೊಡುವುದಿಲ್ಲ ಎಂದುಕೊಂಡ. ಯಾರಿಗೆ ಬಿಟ್ಟುಕೊಡುವುದಿಲ್ಲ ಎಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಬೊಗಸೆಯಲ್ಲಿ ತೆಗೆದ ನೀರನ್ನು ಬೇರುಗಳ ಮೇಲೆ ಚಿಮುಕಿಸಿ, ಬೂದಿ ಬಣ್ಣದ ಬೇರು ಹಸಿರಾಗುವುದನ್ನು ನೋಡುತ್ತ ನಿಂತ.

ನೀರಿನ ವಿಷಯದಲ್ಲಿ ಅವನು ಕಲಿತದ್ದೆಲ್ಲ ಗಿಡ ಕೊಂದು ಕಲಿತದ್ದು. ಕಾಲನಿಯ ನಳದ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ. ಕೂಲಿ ಲೈನಿನ ಹಿಂದಿನ ಬಾವಿಯ ನೀರು ಬಾಯಿಗೆ ರುಚಿ, ಬೇರಿನ ಮೇಲೆ ಮಾತ್ರ ಬೆಳ್ಳಗೆ ಸುಣ್ಣ ಕಟ್ಟಿತು. ಕಾಳಿ ನದಿಯ ನೀರನ್ನು ಸೈಕಲ್ಲಿಗೆ ಕೊಡ ಕಟ್ಟಿ ತಂದ. ಅದರ ಜೊತೆಗೇ ಬಂದ ಪುಟ್ಟ ಬಸವನಹುಳುಗಳು ಎಳೆಬೇರುಗಳನ್ನೆಲ್ಲ ಮೇಯ್ದುಹಾಕಿದವು. ಕಾಯಿಸಿ ಆರಿಸಿದ ನೀರು ಹಾಕತೊಡಗಿದಾಗ ಹೆಂಡತಿ ಗುರುಬಸವ್ವ ಸೆರಗು ಬಾಯಿಗಿಟ್ಟು ನಕ್ಕಿದ್ದಳು: "ಹಡದಾಕಿಗೆ ಕೊಟ್ಟಂಗ ಕೊಡಾಕತ್ತೀರಲ್ಲ, ಒಂದೀಟು ಅಜಿವಾನಾನೂ ಹಾಕ್ರಿ." ಆ ಮನೆಯಲ್ಲಿ ಯಾರೂ ಹಡೆದಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ದೇವರ ನೀರು. ಲಿಂಗಕ್ಕೆ ಎರೆದ ನೀರನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೆ ಹಾಕಬೇಕು. ಹುಟ್ಟಿದಾಗಿನಿಂದ ಗುರುಬಸವ್ವ ಕಂಡದ್ದು ಅದನ್ನೇ. ಆಗ ಜಗಲಿಯಲ್ಲಿ ತೂಗುತ್ತಿದ್ದ ಇನ್ನೊಂದು ಗಿಡದ ಕುಂಡಕ್ಕಿಂತ ತುಳಿತವಿಲ್ಲದ ಜಾಗ ಬೇರೆ ಯಾವುದು? ದಿನಾ ತಂದು ಅಲ್ಲಿಗೇ ಸುರಿದಳು. ವಿಭೂತಿ, ಹಾಲಿನ ಹನಿ, ಸಕ್ಕರೆ ಬೆರೆತ ನೀರು. ಇರುವೆ ಬಂದವು, ಬೂದಿ ಗಟ್ಟಿಕಟ್ಟಿತು, ತಿಂಗಳು ತುಂಬುವಷ್ಟರಲ್ಲಿ ಬೇರು ಕೊಳೆತು ಬೆರಳಿಗೆ ಲೋಳೆಲೋಳೆಯಾಗಿ ಕಿತ್ತು ಬಂತು. "ದೇವರ ನೀರು ಯಾರಿಗರ ಕೆಟ್ಟದ್ದು ಮಾಡತೈತೇನ್ರಿ? ಆ ಗಿಡದಾಗ ಏನರ ಪಾಪ ಇದ್ದಿರಬೇಕು," ಎಂದಿದ್ದಳು. ಅವನು ಜಗಳವಾಡಲಿಲ್ಲ. ಕೊಳೆತ ಬೇರನ್ನು ಹಿತ್ತಲಿಗೆ ಎಸೆದು ಬಂದು ಕೈ ತೊಳೆದುಕೊಂಡ.

ಸೀತೆದಂಡೆ ಅವನ ಕೈಗೆ ಬಂದದ್ದು ಗಿರಣಿಯ ಮರದ ಯಾರ್ಡಿನಲ್ಲಿ. ಅವನು ಅಲ್ಲಿ ಅಳತೆ ಕಾರಕೂನ. ಜೋಯಿಡಾ, ಕ್ಯಾಸಲ್‌ರಾಕ್ ಕಡೆಯ ಕಾಡಿನಿಂದ ಲಾರಿಯಲ್ಲಿ ಬರುವ ದಿಮ್ಮಿಗಳ ಸುತ್ತಳತೆ ತೆಗೆದು ಕೂಗುವುದು ಅವನ ಕೆಲಸ. ಮರ ಸತ್ತದ್ದು ಗೊತ್ತಾಗದ ಗಿಡಗಳು ದಿಮ್ಮಿಯ ತೊಗಟೆಗೆ ಅಂಟಿಕೊಂಡೇ ಬರುತ್ತಿದ್ದವು. ಹಮಾಲರು ಅವನ್ನು ಕೊಡಲಿಯಿಂದ ಹೆರೆದು ಎಸೆಯುತ್ತಿದ್ದರು. ಮೊನ್ನೆ ಶನಿವಾರ ಅವನು ದಿಮ್ಮಿಗಳ ರಾಶಿ ಹತ್ತಿ ಅಂಥದೇ ಇನ್ನೊಂದನ್ನು ಬಿಡಿಸುತ್ತಿದ್ದಾಗ ಕೆಳಗಿನಿಂದ ಯಾರ್ಡ್ ಸೂಪರ್‌ವೈಜರ್ ಮಹಾಂತಪ್ಪನ ದನಿ ಬಂತು. "ಏ ಅಡಿವೆಯ್ಯಾ! ಅಳತಿ ತಗೀ ಅಂದ್ರ ಬಂದಳಿಕಿ ಹರಿಯಾಕ ಹತ್ತ್ಯಲ್ಲೋ! ಇಳೀಲೇ ಕೆಳಗ!" ಇಳಿದ. ಗಿಡದ ಅರ್ಧ ಬೇರು ಮರದಲ್ಲೇ ಉಳಿಯಿತು. ಇಷ್ಟಕ್ಕೇ ಮುಗಿಯಲಿಲ್ಲ, ಹಮಾಲರ ಕಡೆ ತಿರುಗಿ ಮಹಾಂತಪ್ಪ, "ಬಂದಳಿಕಿಗೆ ಬಂದಳಿಕಿ ಕಂಡ್ರ ಬಿಡಾಕ ಮನಸ್ಸ ಆಗಂಗಿಲ್ಲ ನೋಡ್ರೋ, ಎರಡೂ ಮಂದಿ ಮ್ಯಾಗ ಬೆಳಿಯೂವ," ಎಂದ. ಹಮಾಲರು ನಕ್ಕರು. ನಗಬೇಕಾದ್ದರಿಂದ ನಕ್ಕರು, ಆದರೂ ನಕ್ಕರು. ಅಡಿವೆಯ್ಯ ಜಂಗಮ, ಅವನ ಅಪ್ಪ ಬಸಲಿಂಗಯ್ಯ ಜೋಳಿಗೆ ಹಿಡಿದು ತೇರಗಾಂವದ ಓಣಿಗಳಲ್ಲಿ ಭಿಕ್ಷೆ ಬೇಡಿ ಮನೆ ನಡೆಸಿದವನು. ಅದು ಎಲ್ಲರಿಗೂ ಗೊತ್ತಿತ್ತು. ಅಡಿವೆಯ್ಯ "ಇಲ್ರಿ ಸಾಹೇಬ್ರ" ಎಂದು ಟೇಪು ಬಿಚ್ಚಿದ. ಈ ಗಿಡ ಬಂದಳಿಕೆ ಅಲ್ಲ, ಮರದಿಂದ ಒಂದು ಗುಟುಕನ್ನೂ ಹೀರುವುದಿಲ್ಲ, ಬರೀ ಕೂರಲು ಜಾಗ ಕೇಳುತ್ತದೆ, ಕುಡಿಯುವುದು ಮುಗಿಲ ನೀರು ಎಂದು ಹೇಳಬೇಕೆಂದು ನಾಲಗೆಯವರೆಗೆ ಬಂದಿತ್ತು. ಹೇಳಲಿಲ್ಲ. ಹೇಳದೇ ಉಳಿದ ಮಾತು ಭಾನುವಾರವಿಡೀ ಗಂಟಲಲ್ಲಿತ್ತು. ಈಗ ಜಳಕಕ್ಕೆ ಹೋಗುವಾಗಲೂ ಇತ್ತು.

ಇವತ್ತು ಸೋಮವಾರ. ಸೋಮವಾರ ಬಂತೆಂದರೆ ಅದೇ ಮಹಾಂತಪ್ಪ ಪಾಳಿಗೆ ಕರೆಯುವ ಗಿರಣಿಯ ಮೊದಲ ಭೋಂಗಾ ಹೊಡೆಯುವ ಮುನ್ನ ಅವನನ್ನು ಮನೆಗೆ ಕರೆಯುತ್ತಿದ್ದ. ಪಾದಪೂಜೆಗೆ. ಸುತ್ತಲ ಕ್ವಾರ್ಟರ್ಸುಗಳಲ್ಲಿ ಅಯ್ಯನವರೆಂದು ಇದ್ದವನು ಅವನೊಬ್ಬನೇ. ಆರು ದಿನ "ಲೇ" ಎಂದ ಬಾಯಿ ಆ ಮುಂಜಾನೆ "ಅಯ್ಯಾರ, ಬರ್ರಿ" ಎನ್ನುತ್ತಿತ್ತು. ಅವನ ಕಾಲು ತೊಳೆದ ನೀರನ್ನು ಅಂಗೈಯಲ್ಲಿ ಹಿಡಿದು ಕಣ್ಣುಮುಚ್ಚಿ ಕುಡಿಯುತ್ತಿತ್ತು. ಭೋಂಗಾ ಹೊಡೆದ ಮೇಲೆ ಮತ್ತೆ ಲೇ. ಮೊದಮೊದಲು ಅಡಿವೆಯ್ಯನಿಗೆ ಇದರಲ್ಲಿ ಒಂದು ಕಳ್ಳ ಸುಖವಿತ್ತು. ಕುಡಿ ಮಗನೇ, ವಾರವಿಡೀ ನನ್ನನ್ನು ಓಡಾಡಿಸಿದ ಯಾರ್ಡಿನ ಧೂಳನ್ನು ಕುಡಿ ಎಂದು ಒಳಗೇ ನಗುತ್ತಿದ್ದ. ಬರಬರುತ್ತ ಆ ಸುಖ ಹಳಸಿತು. ಅಪ್ಪನ ಹಿಮ್ಮಡಿ ನೆನಪಾಗತೊಡಗಿತು. ಸಂಜೆ ಮನೆಗೆ ಬಂದು, ಕಾಲಿಗೆ ಕಟ್ಟಿದ್ದ ಜಂಗಿನ ಗಂಟೆ ಬಿಚ್ಚಿಟ್ಟು, ಒಡೆದ ಹಿಮ್ಮಡಿಗೆ ಅಗಸೆ ಎಣ್ಣೆ ಉಜ್ಜಿಕೊಳ್ಳುತ್ತ ಅಪ್ಪ ಹೇಳುತ್ತಿದ್ದ: "ಕುಡಿಯೋರಿಗೆ ಗೊತ್ತಿಲ್ಲಪಾ, ಈ ಸೀಳಿನ್ಯಾಗ ಎಷ್ಟ ಊರಿನ ಮಣ್ಣ ಐತಿ ಅಂತ." ಹೇಳಿ ನಗುತ್ತಿದ್ದ. ಅಪ್ಪನಿಗೆ ನಾಚಿಕೆ ಇರಲಿಲ್ಲ, ಇದ್ದದ್ದು ಮಗನಿಗೆ. ಗಂಟೆಯ ಸದ್ದು ಕೇಳಿದರೆ ಸಾಲೆಯ ಗೆಳೆಯರ ನಡುವಿನಿಂದ ಮಾಯವಾಗುತ್ತಿದ್ದ ಹುಡುಗ, ಸಂಬಳದ ಕೆಲಸ ಹಿಡಿದು ಗಂಟೆ ಕೇಳದ ಊರಿಗೆ ಬಂದೆನೆಂದುಕೊಂಡಿದ್ದ. ಇಲ್ಲಿ ಗಂಟೆಯ ಬದಲು ಭೋಂಗಾ ಇತ್ತು, ಅಷ್ಟೇ.

ಜಳಕ ಮುಗಿಸಿ ವಿಭೂತಿ ಹಚ್ಚಿಕೊಂಡು ಹೊರಟಾಗ ಗುರುಬಸವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಏನೋ ಖುಷಿಯಿತ್ತು. ಏನೆಂದು ಕೇಳಲಿಲ್ಲ. ಮಹಾಂತಪ್ಪನ ಮನೆ ಅದೇ ಸಾಲಿನ ಕೊನೆಗೆ, ಸ್ವಲ್ಪ ದೊಡ್ಡ ಕ್ವಾರ್ಟರ್ಸು. ಅವನ ಹೆಂಡತಿ ಸುಶೀಲವ್ವ ಹೊಸ್ತಿಲಿಗೇ ಬಂದು ಕರೆದಳು. ಮಣೆ ಹಾಕಿತ್ತು, ಮುಂದೆ ಹಿತ್ತಾಳೆಯ ಅಗಲ ಪರಾತ, ಪಕ್ಕದಲ್ಲಿ ಬೆಳಗಿದ ಕೊಡ, ತಟ್ಟೆಯಲ್ಲಿ ಪತ್ರಿ. ಅಡಿವೆಯ್ಯ ಕೂತು ಪರಾತದಲ್ಲಿ ಕಾಲಿಟ್ಟ. ಮಹಾಂತಪ್ಪ ಬರಿಮೈಯಲ್ಲಿ ಮಡಿ ಉಟ್ಟು ಎದುರಿಗೆ ಮಂಡಿಯೂರಿದ. ಯಾರ್ಡಿನಲ್ಲಿ ಸದಾ ಟೊಪ್ಪಿಗೆಯ ಕೆಳಗಿರುವ ನೆತ್ತಿ ಹತ್ತಿರದಿಂದ ನುಣ್ಣಗೆ, ಅಸಹಾಯಕವಾಗಿ ಕಂಡಿತು. ಈ ನೆತ್ತಿಯನ್ನು ದ್ವೇಷಿಸುವುದು ಕಷ್ಟ ಎಂದು ಅಡಿವೆಯ್ಯನಿಗೆ ಪ್ರತಿ ಸೋಮವಾರ ಅನ್ನಿಸುತ್ತಿತ್ತು.

"ಬಲಗಾಲ ಹಿಂಗ ಒಂದೀಟು ಮುಂದ ಮಾಡ್ರಿ ಅಯ್ಯಾರ," ಎಂದು ಮಹಾಂತಪ್ಪ ಒಂದು ತಂಬಿಗೆ ನೀರು ಹೊಯ್ದ.

ಕಾಲಿಗೇ ಗುರುತು ಸಿಕ್ಕಿತು. ಈ ಬೇಸಗೆಯಲ್ಲಿ ನಳದ ನೀರು ಇಷ್ಟು ತಣ್ಣಗಿರುವುದಿಲ್ಲ. ಆಮೇಲೆ ವಾಸನೆ ಬಂತು. ಹಂಚಿನ ಪಾಚಿ, ಸುಟ್ಟ ಮಣ್ಣು, ಕಾರ್ತೀಕದ ಮಳೆ. ಅಡಿವೆಯ್ಯ ಕೊಡದ ಕಡೆ ನೋಡಿದ. ತನ್ನ ಕಾಲ್ಬೆರಳ ಸಂದಿನಿಂದ ಹರಿದು ಪರಾತದಲ್ಲಿ ನಿಂತ ನೀರನ್ನು ನೋಡಿದ.

"ಈ ನೀರ ಎಲ್ಲೀದು?"

ಕೇಳಿದ್ದಕ್ಕೇ ಸುಶೀಲವ್ವನಿಗೆ ಹಿಗ್ಗು. "ನಿಮ್ಮ ಮನೀದ ರೀ ಅಯ್ಯಾರ! ನೀವು ಜಳಕಕ್ಕ ಹೋದಾಗ ಬಂದಿದ್ದೆ, ಗುರುಬಸವ್ವಾರು ಹರವಿ ಬಗ್ಗಿಸಿ ಕೊಡ ತುಂಬಿ ಕೊಟ್ರು. ನಳದ ತಿರುಪಿನ್ಯಾಗ ನೀರು ಸೋರಬಾರದಂತ ತೊಗಲಿನ ಬಿಲ್ಲಿ ಹಾಕಿರತಾರಂತ್ರಿ, ತವರಮನಿಗೆ ಹೋದಾಗ ಹೇಳಿದ್ರು. ಇಷ್ಟ ದಿನ ಅಂಥಾ ನೀರಿಲೆ ನಿಮ್ಮ ಪಾದ ತೊಳದು ಕುಡದೀವಲ್ಲಾ ಅಂತ ನನಗ ಊಟ ಸೇರವಲ್ದಾಗಿತ್ತು ನೋಡ್ರಿ. ಬಾವಿಗೆ ಎಲ್ಲಾ ಮಂದಿ ಬರ್ತಾರ. ಮುಗಿಲಿನ ನೀರಿಗೆ ಯಾತರ ಮೈಲಿಗಿ?"

ಕೆಟ್ಟ ಹೆಂಗಸಲ್ಲ. ಅವಳ ಮುಖ ನೋಡಿ ಅಡಿವೆಯ್ಯನಿಗೆ ಸುಮ್ಮನೆ ಕಾಲು ಚಾಚಿಬಿಡಬೇಕೆನ್ನಿಸಿತು. ಚಾಚಿದರೆ ಆಯಿತು. ಮಹಾಂತಪ್ಪ ಕುಡಿಯುತ್ತಾನೆ, ಸುಶೀಲವ್ವ ಕುಡಿಯುತ್ತಾಳೆ, ಉಳಿದದ್ದನ್ನು ಮನೆಯ ಮೂಲೆಮೂಲೆಗೆ ಚಿಮುಕಿಸುತ್ತಾರೆ. ಜಗಲಿಯಲ್ಲಿ ದಂಡೆ ತುದಿಯಿಂದ ಕಪ್ಪಾಗುತ್ತದೆ. ಯಾರೂ ಯಾರಿಗೂ ಕೆಟ್ಟದ್ದು ಮಾಡಿದ ಹಾಗಾಗುವುದಿಲ್ಲ. ಶನಿವಾರವೂ ಹೀಗೇ ಸುಮ್ಮನಿದ್ದೆನಲ್ಲ. ಮಹಾಂತಪ್ಪ ಎರಡನೆಯ ತಂಬಿಗೆ ಅದ್ದಿದ. ಅಡಿವೆಯ್ಯನ ಎಡಗಾಲು ತಾನಾಗಿಯೇ ಪರಾತದಿಂದ ಹಿಂದಕ್ಕೆ ಬಂದು ಮಣೆಯ ಮಗ್ಗುಲಿಗೆ ಸೇರಿಕೊಂಡಿತು.

"ಸಾಕ್ರಿ. ಇದು ಗಿಡದ ನೀರು."

"ಯಾವ ಗಿಡದ್ದು?" ತಂಬಿಗೆ ನಡುವೆಯೇ ನಿಂತಿತು.

"ಸೀತೆದಂಡಿ. ಮೊಗ್ಗ ಇಳದೈತಿ. ಮಳಿ ಬರೂತನಾ ಅದಕ್ಕ ಇದ ನೀರು, ಬ್ಯಾರೇದು ಆಗಿಬರಂಗಿಲ್ಲ. ನನ್ನ ಕಾಲಿಗೆ ಯಾವ ನೀರಾದ್ರೂ ನಡೀತೈತಿ."

"ಅಯ್ಯ, ಗಿಡಕ್ಕ ಮಡಿ ಮೈಲಿಗಿ ಎಲ್ಲಿಂದ ಬಂತ್ರಿ?" ಸುಶೀಲವ್ವ ನಕ್ಕಳು, ಅವನು ಚೇಷ್ಟೆ ಮಾಡುತ್ತಿದ್ದಾನೆಂದು. "ಅದಕ್ಕ ನಳದ ನೀರು ಹಾಕ್ರಿ, ಪಾದಕ್ಕ ಇದು ಇರ್ಲಿ."

"ಪಾದಕ್ಕ ನಳದ್ದ ಇರ್ಲಿ ತಾಯಿ. ತೊಗಲಿನ ಕಾಲಿಗೆ ತೊಗಲಿನ ಬಿಲ್ಲಿ ಏನ ಮಾಡತೈತಿ?"

ಮಹಾಂತಪ್ಪ ತಲೆ ಎತ್ತಲಿಲ್ಲ. "ಭೋಂಗಾ ಹೊಡಿಯೂ ಹೊತ್ತಾತು. ಪೂಜಿ ಅರ್ಧಕ್ಕ ಬಿಡಬಾರದು. ಕಾಲ ಮುಂದ ಮಾಡು," ಎಂದ. ರೀ ಬಿದ್ದುಹೋದದ್ದು ಮೂವರಿಗೂ ಕೇಳಿಸಿತು. ಅಡಿವೆಯ್ಯ ಅಲುಗಾಡಲಿಲ್ಲ. ಮಹಾಂತಪ್ಪ ಕೈ ಮುಂದೆ ಮಾಡಿ ಮಣೆಯ ಮಗ್ಗುಲಿನಿಂದ ಅವನ ಎಡಗಾಲಿನ ಗೆಣ್ಣು ಹಿಡಿದೆಳೆದ. "ಚಾಚಲೇ ಕಾಲ!"

ಸುಶೀಲವ್ವನ ಕೈ ಬಾಯಿಗೆ ಹೋಯಿತು. ಮಹಾಂತಪ್ಪ ಹಿಡಿದ ಗೆಣ್ಣನ್ನು ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಬಾಗಿದ ತಲೆಯ ಎರಡೂ ಕಿವಿ ಕೆಂಪಗಾದವು. ಅಡಿವೆಯ್ಯನಿಗೆ ನಗು ಬಂತು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆಯಿಂದ ಬಂದ ನಗು. ಪೂಜೆಯನ್ನೂ ಅಪ್ಪಣೆ ಕೊಟ್ಟೇ ಮಾಡುತ್ತಾನೆ. ಅಯ್ಯನವರಾಗುವುದೂ ಇವನ ಯಾರ್ಡಿನ ಒಂದು ಕೆಲಸ. ತನಗೆ ಬಂದ ಮರ್ಯಾದೆ ಯಾವುದೂ ತನ್ನದಾಗಿರಲಿಲ್ಲ, ಬಂದ ಬೈಗುಳವೂ ತನ್ನದಲ್ಲ.

"ಯಾರ ಕಾಲ ಚಾಚಬೇಕು?" ಎಂದು ಕೇಳಿದ. "ಅಯ್ಯಾಂದೋ, ಕಾರಕೂನಂದೋ? ಒಂದ ಹೇಳ್ರಿ. ಎರಡಕ್ಕೂ ನನ್ನ ಹತ್ರ ಇರೂವು ಇವ ಎರಡ ಕಾಲು."

ಗೆಣ್ಣು ಬಿಡಿಸಿಕೊಂಡು ಎದ್ದ. ಪರಾತದಲ್ಲಿದ್ದ ನೀರನ್ನು ಮುಟ್ಟಲಿಲ್ಲ. ಕೊಡ ಎತ್ತಿ ಹೆಗಲ ಮೇಲಿಟ್ಟುಕೊಂಡ. ಹಿತ್ತಾಳೆಯ ಅಂಚು ಕುತ್ತಿಗೆಯ ಲಿಂಗದ ಕರಡಿಗೆಗೆ ತಾಗಿ ಟಣ್ಣೆಂದಿತು. "ಕೊಡ ಆಮ್ಯಾಲ ಕಳಸ್ತೇನಿ ತಾಯಿ," ಎಂದು ಸುಶೀಲವ್ವನಿಗೆ ಹೇಳಿ ಹೊಸ್ತಿಲು ದಾಟಿದ.

"ಅಡಿವೆಯ್ಯಾ," ಹಿಂದಿನಿಂದ ಮಹಾಂತಪ್ಪನ ದನಿ ತಗ್ಗಿತ್ತು. "ಯಾರ್ಡಿಗೆ ನೀ ಬರಬೇಕಲ್ಲ."

"ಬರ್ತೇನಿ. ಇವತ್ತ ಬರ್ತೇನಿ."

ಬೀದಿಗೆ ಬಂದ ಮೇಲೆ ಹೆದರಿಕೆ ಬಂತು. ಮಹಾಂತಪ್ಪ ಒಂದು ಮಾತು ಹೇಳಿದರೆ ನಾಳೆಗೆ ಕ್ಯಾಸಲ್‌ರಾಕ್ ಡಿಪೋಕ್ಕೆ ಹಾಕುತ್ತಾರೆ, ಕ್ವಾರ್ಟರ್ಸು ಹೋಗುತ್ತದೆ, ಅಲ್ಲಿ ತಗಡಿನ ಶೆಡ್ಡಿನಲ್ಲಿ ಗುರುಬಸವ್ವ ಯಾರೊಂದಿಗೆ ಮಾತಾಡಿಕೊಂಡಿರಬೇಕು? ಕಾಲಲ್ಲಿ ಚಪ್ಪಲಿ ಇಲ್ಲವೆಂದು ಆಗ ಗೊತ್ತಾಯಿತು. ಅವು ಮಹಾಂತಪ್ಪನ ಬಾಗಿಲಲ್ಲೇ ಉಳಿದಿದ್ದವು. ತರಲು ಹಿಂದೆ ಹೋಗಲಿಲ್ಲ. ನಳದ ಮುಂದೆ ಪಾಳಿ ಹಚ್ಚಿದ್ದ ಹೆಂಗಸರು ಕೊಡ ಹೊತ್ತು ಬರುವ ಅಯ್ಯನವರನ್ನು ಕಂಡು ದಾರಿ ಬಿಟ್ಟು ಸರಿದರು. ಕೂಲಿ ಲೈನಿನ ಸತ್ತೆವ್ವ, "ನೀವ್ಯಾಕ ಹೊತ್ತೀರಿ ಅಯ್ಯಾರ, ಇತ್ಲಾಗ ಕೊಡ್ರಿ," ಎಂದು ಸೆರಗು ಸಿಂಬಿ ಸುತ್ತಿಕೊಂಡು ಬಂದಳು. "ಬ್ಯಾಡವ್ವ, ನನ್ನ ನೀರು," ಎಂದ. ನನ್ನ ನೀರು ಎಂದದ್ದು ಅವನಿಗೇ ಹೊಸದಾಗಿ ಕೇಳಿಸಿತು.

ಕೊಡ ಇಳಿಸಿ ನಡೆದದ್ದನ್ನು ಹೇಳುವಷ್ಟರಲ್ಲಿ ಗುರುಬಸವ್ವನ ಮುಖದ ಖುಷಿ ಹೋಗಿತ್ತು. ಅವಳು ಕೂಗಾಡಲಿಲ್ಲ. ಗೋಡೆಗೆ ಆತು ಕೂತು, "ಇನ್ನ ಮ್ಯಾಲೆ ಯಾರೂ ನಮ್ಮನ್ನ ಕರಿಯಾಂಗಿಲ್ಲ," ಎಂದಳು. "ಬಸುರಿ ಕುಬಸ ಅಂದ್ರ ನನ್ನ ಕರೀತಿದ್ರು. ತೊಟ್ಟಲಾ ಅಂದ್ರ ನನ್ನ ಕರೀತಿದ್ರು. ಹಡೀಲಾರದಾಕಿನ್ನ ಬ್ಯಾರೆ ಯಾರ ಕರೀತಾರ ಅಂಥಾದ್ದಕ್ಕ? ಅಯ್ಯಾರ ಹೇಣ್ತಿ ಅಂತ ಕರೀತಿದ್ರು."

ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಅವನ ಕಾಲಿನ ಮೇಲೆ ಇವಳೂ ನಿಂತಿದ್ದಳು.

"ನನ್ನ ಕೇಳಲಾರದ ನೀರ ಯಾಕ ಕೊಟ್ಟಿ?" ಎಂದ, ದನಿ ಏರದ ಹಾಗೆ.

"ಅಷ್ಟ ದೊಡ್ಡಾಕಿ ನಮ್ಮ ಬಾಗಲಿಗೆ ಬಂದು ಕೈ ಒಡ್ಡಿದ್ಲು. ನನ್ನ ಹತ್ರ ಕೊಡೂವಂಥಾದ್ದು ಬ್ಯಾರೆ ಏನೈತಿ? ಅದೊಂದ ನೀರು." ಅವಳು ಕಣ್ಣೊರೆಸಿಕೊಂಡಳು. "ಗಿಡಕ್ಕ ಇಷ್ಟ ಮಾಡಿದ್ರಿ. ನನ್ನ ಸಲುವಾಗಿ ಒಮ್ಮೆರ ಹಿಂಗ ಎದ್ದು ಬಂದೀರೇನು?"

ಇಲ್ಲ. ಬಂದಿರಲಿಲ್ಲ. ಅವಳ ಅತ್ತೆಯ ಮುಂದೆ, ಹಡೆಯದವಳೆಂದು ನಿಟ್ಟುಸಿರಿಟ್ಟ ಹೆಂಗಸರ ಮುಂದೆ, ಎಲ್ಲ ಕಡೆ ಅವನು "ಇಲ್ರಿ ಸಾಹೇಬ್ರ" ಎಂದು ಟೇಪು ಬಿಚ್ಚಿದವನೇ. ಅವಳ ಪಕ್ಕದಲ್ಲಿ ಕೂರಬೇಕೆನ್ನಿಸಿತು, ಕೂತ. ಒದ್ದೆಯಾಗಿದ್ದ ಬಲಗಾಲಿಗೆ ನೆಲದ ಧೂಳು ಮೆತ್ತಿಕೊಂಡಿತ್ತು. "ಬಂದಿಲ್ಲ," ಎಂದ. "ಇವತ್ತ ಎದ್ದು ಬರಾಕ ಕಲತೀನಿ. ಇನ್ನ ಯಾರರ ನಿನಗ ಏನರ ಅಂದ್ರ ನೋಡು." ಅವಳು ಎದ್ದು ಕೊಡದ ನೀರನ್ನು ಹರವಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ, ಬರಿದಾದ ಕೊಡವನ್ನು ಬೂದಿ ಹಾಕಿ ತಿಕ್ಕತೊಡಗಿದಳು. ತಿಕ್ಕುವ ರಭಸದಲ್ಲಿ ಸಿಟ್ಟು ಇನ್ನೂ ಇತ್ತು.

ಭೋಂಗಾ ಹೊಡೆಯಿತು. ಹೋಗುವ ದಾರಿಯಲ್ಲಿ ನಳದ ಹತ್ತಿರ ನಿಂತು ತಿರುಪು ತಿರುವಿ ಎರಡೂ ಕಾಲು ಒಡ್ಡಿದ. ಬೆಚ್ಚಗಿನ, ವಾಸನೆಯ ನೀರು ಧೋ ಎಂದು ಬಿತ್ತು. ಸತ್ತೆವ್ವ ಅಭ್ಯಾಸದಿಂದ ಬಾಗಿ, ಹರಿದುಹೋಗುತ್ತಿದ್ದ ನೀರಿಗೆ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಳ್ಳಲು ಹೊರಟಳು. "ಬರೇ ನೀರವ್ವ ಅದು, ಬಿಡು," ಎಂದ. ಅವಳು ಅರ್ಧ ಬಾಗಿದವಳು ಹಾಗೇ ನಿಂತು ಅವನ ಮುಖ ನೋಡಿದಳು. ನೀರು ಗಟಾರಕ್ಕೆ ಸೇರಿ, ಯಾರೂ ಕುಡಿಯದೆ, ಯಾರ ಕಣ್ಣಿಗೂ ಏರದೆ ಹರಿದುಹೋಯಿತು. ಅಡಿವೆಯ್ಯನಿಗೆ ಕಾಲು ಹಗುರಾದ ಹಾಗೆ ಅನ್ನಿಸಿತು.

ಯಾರ್ಡಿನಲ್ಲಿ ಜೋಯಿಡಾ ಕಡೆಯ ಲಾರಿ ಆಗಲೇ ಬಂದು ನಿಂತಿತ್ತು. ಮೇಲಿನ ದಿಮ್ಮಿಯ ಮಗ್ಗುಲಲ್ಲಿ, ಬಿಸಿಲಿಗೆ ಬಾಡಿದ ಎಲೆಗಳ ಸೀತೆದಂಡೆಯೊಂದು ತೊಗಟೆ ಹಿಡಿದುಕೊಂಡಿತ್ತು. ಹಮಾಲ ಗೂಳಪ್ಪ ಕೊಡಲಿ ಎತ್ತಿದ್ದ. "ತಡಿಯೋ ಗೂಳಪ್ಪ," ಎಂದು ಅಡಿವೆಯ್ಯ ಬರಿಗಾಲಲ್ಲಿ ಲಾರಿ ಹತ್ತಿದ. ದಿಮ್ಮಿಯ ತೊಗಟೆ ಒರಟಾಗಿತ್ತು, ಅಂಗಾಲಿಗೆ ಚುಚ್ಚಿತು. ಮಂಡಿಯೂರಿ ಕೂತು ಮೊದಲ ಬೇರನ್ನು ಉಗುರಿನಿಂದ ಸಡಿಲಿಸುವಾಗ ಆಫೀಸಿನ ಬಾಗಿಲಿನಿಂದ ದನಿ ಬಂತು. ಟೊಪ್ಪಿಗೆ ನೆತ್ತಿಯ ಮೇಲೆ ಮತ್ತೆ ಏರಿತ್ತು.

"ಏ ಅಡಿವೆಯ್ಯಾ! ಇಳೀಲೇ ಕೆಳಗ!"

ಹಮಾಲರು ಕೈಕೆಲಸ ಬಿಟ್ಟು ನಿಂತರು. ಈ ಸಲ ಯಾರೂ ನಗಲಿಲ್ಲ. ಸಾಹೇಬ್ರ ಎಂಬ ಮಾತು ನಾಲಗೆಗೆ ಬಂತು, ಹಿಂದೆಯೇ ಒಳ್ಳೇದಾಗಲಿ ಮಗನ ಎಂಬ ಸೋಮವಾರದ ಆಶೀರ್ವಾದದ ಮಾತೂ ಬಂತು. ಎರಡನ್ನೂ ನುಂಗಿಕೊಂಡ.

"ಇಳೀತೇನಿ, ಒಂದೀಟು ತಡಿ ಮಹಾಂತಪ್ಪಾ," ಎಂದ. "ಇದು ಬಂದಳಿಕಿ ಅಲ್ಲ. ಬೇರು ಹರೀಬಾರದು."

ಹೇಳಿ, ಕಿಸೆಯಿಂದ ಚಾಕು ತೆಗೆದು ತೊಗಟೆಗೂ ಬೇರಿಗೂ ನಡುವೆ ಅದರ ಮೊನೆ ಸೇರಿಸಿದ.